ಎಲ್ಡನ್ ಪರವಾಗಿ

ಜೂನ್ ತಿಂಗಳ ಒಂದು ಬೆಳಿಗ್ಗೆ, ಹಿತ್ತಲಿನಲ್ಲಿ ಟೊಮೇಟೊ ಗಿಡಗಳಿಗೆ ಆಸರೆ ಕೋಲು ಕಟ್ಟುತ್ತಿದ್ದ ನನ್ನ ಗಂಡ ಎಲ್ಡನ್ ಹಾಗೇ ಕುಸಿದು ಕೂತ. ನಾನು ಓಡಿಹೋಗಿ ನೋಡಿದಾಗ ಅವನ ಬಾಯಿ ಒಂದು ಪಕ್ಕಕ್ಕೆ ಎಳೆದುಕೊಂಡಿತ್ತು. ಕೈಯಲ್ಲಿದ್ದ ದಾರದ ಉಂಡೆ ಪಾತಿಯಲ್ಲಿ ಉರುಳಿ ಬಿದ್ದಿತ್ತು. ನನ್ನ ಮುಖ ನೋಡಿ ಏನೋ ಹೇಳಲು ಹೊರಟ. ಬಾಯಿಂದ ಬಂದದ್ದು ಒಂದೇ ಮಾತು: "ಮಂಗಳವಾರ." ಅವತ್ತು ಶುಕ್ರವಾರ.

ಲಕ್ವ ಎಂದರು ಡಾಕ್ಟರು. ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಾಗ, ಊರುಗೋಲು ಹಿಡಿದು ಅಡುಗೆಮನೆಯಿಂದ ಮುಂಬಾಗಿಲವರೆಗೆ ನಡೆಯುವಷ್ಟು ಕಾಲು ಬಂದಿತ್ತು. ಬಲಗೈ ಅರ್ಧಂಬರ್ಧ ಬಂದಿತ್ತು. ಮಾತು ಮಾತ್ರ ಬರಲಿಲ್ಲ. ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ತಾನೇನು ಹೇಳಬೇಕು ಎನ್ನುವುದೂ ಒಳಗೆ ಸ್ಪಷ್ಟವಾಗಿಯೇ ಇತ್ತು. ನಾಲಿಗೆಗೆ ಬರುವಷ್ಟರಲ್ಲಿ ಅದು ಮಂಗಳವಾರವಾಗಿಬಿಡುತ್ತಿತ್ತು. ಕಾಫಿ ಬೇಕೆಂದರೂ ಮಂಗಳವಾರ, ಬೇಡವೆಂದರೂ ಮಂಗಳವಾರ. ಮೂವತ್ತನಾಲ್ಕು ವರ್ಷ ನೆಬ್ರಾಸ್ಕಾದ ಹಿಮಗಾಳಿಯಲ್ಲಿ ವಿದ್ಯುತ್ ಕಂಬ ಹತ್ತಿ ತಂತಿ ಜೋಡಿಸಿದ ಮನುಷ್ಯ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ದಿನವಿಡೀ ಕೂತಿರುತ್ತಿದ್ದ. ಬರಬರುತ್ತಾ ಮಂಗಳವಾರ ಎನ್ನುವುದನ್ನೂ ಬಿಟ್ಟ.

ಮಾತು ಕಲಿಸಲು ವಾರಕ್ಕೆ ಎರಡು ಸಲ ಮಾರಿಸೋಲ್ ಎಂಬ ಹುಡುಗಿ ಮನೆಗೆ ಬರುತ್ತಿದ್ದಳು. ಒಂದು ದಿನ ಹೊರಡುವಾಗ ನನ್ನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿ ಹೇಳಿದಳು: "ಕಾಫಿ ಬೇಕಾ ಬೇಡ್ವಾ ಅನ್ನೋದಕ್ಕೋಸ್ಕರ ಯಾರೂ ಇಷ್ಟು ಕಷ್ಟಪಟ್ಟು ಮಾತು ಕಲಿಯಲ್ಲ, ಮಿಸೆಸ್ ಕ್ರೂಸ್. ಅವ್ರಿಗೆ ಮಾತಾಡ್ದೆ ಇರೋಕೇ ಆಗ್ಬಾರ್ದು, ಹಾಗಾಗ್ಬೇಕು. ಯಾವ ವಿಷಯದಲ್ಲಿ ಜಗಳ ಆಡೋದು ಅಂದ್ರೆ ಅವ್ರಿಗೆ ಇಷ್ಟ?"

ಎಷ್ಟೋ ವಾರಗಳ ಮೇಲೆ ನನಗೆ ನಗು ಬಂತು. "ಫುಟ್‌ಬಾಲ್," ಅಂದೆ. "ಅದೂ ಆರಿನ್ ಪಾವೆಲ್ಕಾ ಜೊತೆ."

ಆರಿನ್ ನಮ್ಮೂರಿನ ಕಸಾಯಿ ಅಂಗಡಿಯನ್ನು ಮಗಳಿಗೆ ಬಿಟ್ಟುಕೊಟ್ಟು ಆರು ವರ್ಷವಾಗಿತ್ತು. ಅವನೂ ಎಲ್ಡನ್ನೂ ಲೂಪ್ ವ್ಯಾಲಿ ವಿಶ್ವವಿದ್ಯಾಲಯದ ಕೊಕ್ಕರೆಗಳೆಂಬ ತಂಡ ಆಡುವ, ಚೆಂಡನ್ನು ಕೈಯಿಂದ ಎಸೆದು ಹಿಡಿದು ಓಡುವ ಅಮೆರಿಕನ್ ಫುಟ್‌ಬಾಲಿಗೆ ಮೂವತ್ತೊಂದು ವರ್ಷದಿಂದ ಅಕ್ಕಪಕ್ಕದ ಸೀಟಿನಲ್ಲಿ ಕೂತವರು. ಆ ಮೂವತ್ತೊಂದು ವರ್ಷದಲ್ಲಿ ಒಂದು ದಿನವೂ ಒಬ್ಬರ ಮಾತನ್ನು ಒಬ್ಬರು ಒಪ್ಪಿದವರಲ್ಲ. ಕೋಚ್ ಯಾರಿರಲಿ, ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಯಾರಿರಲಿ, ಎಲ್ಡನ್ ತಾಳ್ಮೆಯ ಪಕ್ಷ, ಆರಿನ್ ಇವತ್ತಿಂದಿವತ್ತೇ ಗೆಲ್ಲಬೇಕೆನ್ನುವ ಪಕ್ಷ. ಶನಿವಾರ ಆಟ ಮುಗಿಸಿ ಬಂದು ನಮ್ಮ ಮುಂಜಗಲಿಯಲ್ಲಿ ಕೂತರೆ ಊಟಕ್ಕೆ ಮೂರು ಸಲ ಕರೆದರೂ ಏಳುತ್ತಿರಲಿಲ್ಲ. ನಾನು ಒಂದು ಸಲವೂ ಸ್ಟೇಡಿಯಮ್ಮಿಗೆ ಹೋದವಳಲ್ಲ. ಇಪ್ಪತ್ತೆಂಟು ವರ್ಷ ಹೈಸ್ಕೂಲು ಮಕ್ಕಳಿಗೆ ಕಾರು ಓಡಿಸಲು ಕಲಿಸಿದವಳು ನಾನು. ಶನಿವಾರವೇ ನನಗೆ ಹೆಚ್ಚು ಪಾಠ. ಹಾಗಾಗಿ ಅವರ ವಾದವೆಲ್ಲ ನನ್ನ ಕಿವಿಗೆ ಬಿದ್ದದ್ದು ಪಾತ್ರೆ ತೊಳೆಯುವಾಗ, ಕಿಟಕಿಯಾಚೆಯಿಂದ.

ಆದರೆ ಲಕ್ವ ಹೊಡೆದ ಮೇಲೆ ಆರಿನ್ ನಮ್ಮ ಮನೆಯೊಳಗೆ ಕಾಲಿಡಲು ಹೆದರಿದ. ಬರುತ್ತಿದ್ದ, ಅಂಗಳದಲ್ಲಿ ನಿಂತು ಮಳೆ ಬಂದೀತೆ, ಜೋಳ ಹೇಗಿದೆ ಎಂದು ನನ್ನ ಹತ್ತಿರ ಮಾತಾಡಿ ಹೋಗುತ್ತಿದ್ದ. ಮಾರಿಸೋಲ್ ಹೇಳಿದ್ದನ್ನು ತಿಳಿಸಿದಾಗ ಟೋಪಿ ತೆಗೆದು ಕೈಯಲ್ಲಿ ತಿರುವುತ್ತಾ ನಿಂತ.

"ಟೀಚರಮ್ಮ, ಅವನ ಮುಂದೆ ನಾನು ಪಟಪಟ ಮಾತಾಡಿದ್ರೆ, ನೋಡು ನಿಂಗೆ ಬರಲ್ಲ ಅಂತ ಹಂಗಿಸ್ದ ಹಾಗಾಗಲ್ವಾ?"

ಅವನ ಮಗಳನ್ನು ನಾನು ಡ್ರೈವಿಂಗ್ ಪರೀಕ್ಷೆಯಲ್ಲಿ ಎರಡು ಸಲ ಫೇಲು ಮಾಡಿದಂದಿನಿಂದ ಅವನು ನನ್ನನ್ನು ಹಾಗೇ ಕರೆಯುತ್ತಾನೆ, ಬಹುವಚನ ಹಚ್ಚಿ.

"ನೀನು ಸುಮ್ನಿದ್ರೆ ಇನ್ನೂ ಜಾಸ್ತಿ ಹಂಗಿಸ್ದ ಹಾಗೆ," ಅಂದೆ. "ಶನಿವಾರ ಮಧ್ಯಾಹ್ನ ಬಾ. ಟಿವಿಯಲ್ಲಿ ಬರತ್ತೆ."

ಸೆಪ್ಟೆಂಬರಿನ ಮೊದಲ ಶನಿವಾರ ಬಂದ. ತನ್ನ ಸೀಟನ್ನೂ ಎಲ್ಡನ್ ಸೀಟನ್ನೂ ಮಗಳಿಗೂ ಅಳಿಯನಿಗೂ ಕೊಟ್ಟು, ಗಸಗಸೆ ತುಂಬಿದ ಕೊಲಾಚೆ ಬನ್ನುಗಳ ಡಬ್ಬಿ ಹಿಡಿದು ಬಂದ. ನಾನು ಖಾರದ ಬೀನ್ಸ್ ಸಾರು ಮಾಡಿ, ಪಕ್ಕಕ್ಕೆ ದಾಲ್ಚಿನ್ನಿ ರೋಲ್ ಬೇಯಿಸಿದ್ದೆ. ಆಟ ಶುರುವಾಯಿತು. ಆರಿನ್ ವಾದಕ್ಕೇ ಇಳಿಯಲಿಲ್ಲ. ನಮ್ಮ ಹುಡುಗರು ಒಳ್ಳೆಯದು ಮಾಡಿದರೆ "ಪರವಾಗಿಲ್ಲ" ಎನ್ನುತ್ತಿದ್ದ, ಕೆಟ್ಟದು ಮಾಡಿದರೂ "ಪರವಾಗಿಲ್ಲ" ಎನ್ನುತ್ತಿದ್ದ, ಸಾವಿನ ಮನೆಯಲ್ಲಿ ಕೂತವರ ದನಿಯಲ್ಲಿ. ಎಲ್ಡನ್ ಒಮ್ಮೆ ಅವನ ಕಡೆ ನೋಡಿದ, ಇನ್ನೊಮ್ಮೆ ನೋಡಿದ, ಆಮೇಲೆ ತಲೆ ತಗ್ಗಿಸಿ ತನ್ನ ಬಲಗೈಯನ್ನೇ ನೋಡತೊಡಗಿದ.

ನನಗೆ ತಡೆಯಲಾಗಲಿಲ್ಲ. ಆ ವರ್ಷದ ವಾದ ಏನೆಂದು ನನಗೆ ಗೊತ್ತಿತ್ತು. ಏಪ್ರಿಲಿನ ಅಭ್ಯಾಸದ ಆಟದ ಮೇಲಿಂದ ಜೂನ್‌ವರೆಗೂ ಕಿಟಕಿಯಿಂದ ಕೇಳಿದ್ದೆ. ಟೋಬಿನ್ ರೀಸ್ ಎಂಬ ಹತ್ತೊಂಬತ್ತರ ಹುಡುಗನನ್ನು, ಕಾಲೇಜಿನ ಎರಡನೆಯ ವರ್ಷಕ್ಕೇ, ಕ್ವಾರ್ಟರ್‌ಬ್ಯಾಕ್ ಮಾಡಿದ್ದರು. ಚೆಂಡು ಮೊದಲು ಬರುವುದು ಅವನ ಕೈಗೆ. ಎತ್ತಿನಂಥ ಆಳುಗಳು ಮೇಲೆ ನುಗ್ಗಿ ಬರುವಷ್ಟರಲ್ಲಿ, ಮೂರೇ ಸೆಕೆಂಡಿನಲ್ಲಿ, ಯಾರಿಗೆ ಎಸೆಯಬೇಕೆಂದು ಅವನು ನಿರ್ಧರಿಸಬೇಕು. ಹುಡುಗ ಇನ್ನೂ ಹಣ್ಣಾಗಿಲ್ಲ, ಈ ವರ್ಷ ಗೆಲ್ಲಬೇಕಾದರೆ ಹಿರಿಯನೇ ಆಡಲಿ, ಇವನು ಹಿಂದೆ ನಿಂತು ಕಲಿಯಲಿ ಎನ್ನುವುದು ಆರಿನ್ ವಾದ. ಹುಡುಗ ಬಂಗಾರ, ದಾಳಿಯ ಯೋಜನೆ ಮಾಡುವ ಕೋಚೇ ಅವನ ಕೈ ಕಟ್ಟಿಹಾಕಿದ್ದಾನೆ ಎನ್ನುವುದು ಎಲ್ಡನ್ ವಾದ.

"ಹುಡುಗನದೇನೂ ತಪ್ಪಿಲ್ಲ," ಅಂದೆ ನಾನು, ಸಾರಿನ ಸೌಟು ಕೈಯಲ್ಲೇ ಹಿಡಿದು. "ಬರೀ ಅಕ್ಕಪಕ್ಕಕ್ಕೆ ಎಸಿ ಎಸಿ ಅಂತ ಹೇಳಿದ್ರೆ ಅವನೇನು ಮಾಡ್ತಾನೆ? ದೂರಕ್ಕೆ ಎಸೆಯೋಕೆ ಬಿಡ್ಬೇಕು."

ಆರಿನ್ ನಿಧಾನವಾಗಿ ತಿರುಗಿದ. "ಟೀಚರಮ್ಮ, ಮೂವತ್ತೊಂದು ವರ್ಷದಲ್ಲಿ ನೀವು ಒಂದು ಆಟ ನೋಡಿದ್ದೀರಾ?"

"ನೋಡಿಲ್ಲ. ಮೂವತ್ತೊಂದು ವರ್ಷ ಕೇಳಿದ್ದೀನಿ."

"ಕೇಳಿದ್ರೆ ಸಾಕಾ? ದೂರಕ್ಕೆ ಎಸೆಯೋದಕ್ಕೆ ಮೊದಲು ಹತ್ತಿರಕ್ಕೆ ಎಸೆಯೋದು ಬರ್ಬೇಕು. ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸೋ ಜನ ನೀವು, ಗಂಡ ಹೆಂಡತಿ ಇಬ್ಬರೂ."

ಎಲ್ಡನ್ ಎಡಗೈಯಿಂದ ಕುರ್ಚಿಯ ತೋಳಿಗೆ ಫಟ್ ಎಂದು ಬಡಿದ. "ಮಂಗಳವಾರ," ಅಂದ. ಎಷ್ಟೋ ದಿನದ ಮೇಲೆ ಆ ಮಾತು ಬಂದಿತ್ತು, ಗಟ್ಟಿಯಾಗಿ, ಬೈಗುಳದ ಹಾಗೆ.

ಆರಿನ್ ಅವನನ್ನು ನೋಡಿದ, ನನ್ನನ್ನು ನೋಡಿದ. "ಏನಂತೆ ಅವಂದು?"

"ನಿಂಗೆ ತಲೆಯಿಲ್ಲ ಅಂತ," ಅಂದೆ. ಎಲ್ಡನ್ ಜೋರಾಗಿ ತಲೆಯಾಡಿಸಿದ.

"ಹೋಗೋ," ಅಂದ ಆರಿನ್. ಕೊಲಾಚೆ ಕೈಗೆ ತೆಗೆದುಕೊಂಡು ಕುರ್ಚಿಯನ್ನು ಎಲ್ಡನ್ ಹತ್ತಿರಕ್ಕೆ ಎಳೆದುಕೊಂಡ.

ಹಾಗೆ ನಾನು ಎಲ್ಡನ್ ಪರ ವಕೀಲೆಯಾದೆ. ಆಟ ಗೊತ್ತಿಲ್ಲದೆ ವಾದ ಮಾಡುವುದು ಎಷ್ಟು ದಿನ ನಡೆದೀತು? ವಾರದ ದಿನಗಳಲ್ಲಿ ಎಲ್ಡನ್ ನನಗೆ ಕಲಿಸಿದ. ಅಡುಗೆಮನೆಯ ಮೇಜಿನ ಮೇಲೆ ಚಮಚಗಳನ್ನು ಸಾಲಾಗಿ ಇಟ್ಟು, ಅವುಗಳ ಹಿಂದೆ ಉಪ್ಪಿನ ಡಬ್ಬಿಯನ್ನು ನಿಲ್ಲಿಸುತ್ತಿದ್ದ. ಉಪ್ಪು ಎಂದರೆ ಟೋಬಿನ್. ಎಡಗೈ ಬೆರಳಿನಿಂದ ಒಂದು ಚಮಚವನ್ನು ಮುಂದಕ್ಕೆ ಓಡಿಸಿ, ಮೇಜಿನ ಅಂಚಿನವರೆಗೆ ಗೆರೆ ಎಳೆದು, "ಮಂಗಳವಾರ?" ಎಂದು ನನ್ನ ಮುಖ ನೋಡುತ್ತಿದ್ದ. ಅರ್ಥವಾಗದಿದ್ದರೆ ಮತ್ತೆ ಮೊದಲಿನಿಂದ. ಅವನಿಗೆ ಬೇಸರವೇ ಬರುತ್ತಿರಲಿಲ್ಲ. ಊಟದ ಹೊತ್ತಿಗೆ ಚಮಚಗಳನ್ನು ಅವನ ಕೈಯಿಂದ ಕಿತ್ತುಕೊಳ್ಳಬೇಕಾಗುತ್ತಿತ್ತು.

ಊರಿನಲ್ಲೂ ಬೇರೆ ಮಾತಿರಲಿಲ್ಲ. ಪೆಟ್ರೋಲ್ ಹಾಕಿಸುವಾಗ, ಚರ್ಚಿನಲ್ಲಿ ಪ್ರಾರ್ಥನೆ ಮುಗಿದು ಕಾಫಿ ಕುಡಿಯುವಾಗ, ಎಲ್ಲೆಲ್ಲೂ ಟೋಬಿನ್. ಪಾದ್ರಿಗಳು ಕೂಡ ಅವನನ್ನು ಆಡಿಸದೆ ಬೆಂಚಿನ ಮೇಲೆ ಕೂರಿಸಬೇಕೆನ್ನುವವರ ಪಕ್ಷ ಎಂದು ತಿಳಿದು ನನಗೆ ಬೇಜಾರಾಯಿತು.

ನಾಲ್ಕನೆಯ ಆಟದ ಹೊತ್ತಿಗೆ ನನ್ನ ಕಣ್ಣಿಗೆ ಒಂದು ಸಂಗತಿ ಬಿತ್ತು. ಅದು ಎಲ್ಡನ್ ಹೇಳಿಕೊಟ್ಟದ್ದಲ್ಲ. ಹೊಸದಾಗಿ ಕಾರು ಓಡಿಸುವ ಮಕ್ಕಳು ಮಾಡುವ ಮೊದಲ ತಪ್ಪು ಎಂದರೆ ಬಾನೆಟ್ ನೋಡುವುದು. ಭಯವಾದಾಗ ಕಣ್ಣು ಹತ್ತಿರಕ್ಕೆ ಬಂದುಬಿಡುತ್ತದೆ. ರಸ್ತೆಯ ಕೊನೆಯನ್ನು ನೋಡುವ ಬದಲು ಚಕ್ರದ ಮುಂದಿನ ಹತ್ತು ಅಡಿಯನ್ನು ನೋಡುತ್ತಾರೆ, ಕಾರು ಅಡ್ಡಾದಿಡ್ಡಿ ಹೋಗುತ್ತದೆ. ಪಕ್ಕದ ಸೀಟಿನಲ್ಲಿ ಕೂತು ನಾನು ಇಪ್ಪತ್ತೆಂಟು ವರ್ಷ ನೋಡಿದ್ದು ರಸ್ತೆಯನ್ನಲ್ಲ, ಆ ಮಕ್ಕಳ ಕಣ್ಣುಗಳನ್ನು.

"ಅವನ ಕಣ್ಣು ನೋಡು," ಅಂದೆ. "ಯಾರಾದರೂ ಮೇಲೆ ಬರ್ತಾರೆ ಅಂದ ತಕ್ಷಣ ಕಣ್ಣು ಕೆಳಗಿಳಿಯತ್ತೆ. ಎಸೆಯಬೇಕಾದವರನ್ನ ನೋಡೋದು ಬಿಟ್ಟು, ಹೊಡೆಯೋಕೆ ಬರೋರನ್ನ ನೋಡ್ತಾನೆ. ಇನ್ನೊಂದು, ಪ್ರತಿ ಸಲ ಚೆಂಡು ಮುಟ್ಟೋಕೆ ಮುಂಚೆ ಕೋಚ್ ಕಡೆ ನೋಡ್ತಾನೆ. ಪಕ್ಕದಲ್ಲಿ ಕೂತವರು ಬ್ರೇಕ್ ಒತ್ತುತ್ತಾರೋ ಏನೋ ಅಂತ ಕಾಯೋ ಮಕ್ಕಳು ಹೀಗೇ."

ಟಿವಿಯಲ್ಲಿ ಅದೇ ಎಸೆತವನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸಿದರು. ಹೆಲ್ಮೆಟ್ಟಿನ ಜಾಲರಿಯೊಳಗೆ ಆ ಹುಡುಗನ ಕಣ್ಣು ಇಳಿದದ್ದು ನಮ್ಮ ಮೂವರಿಗೂ ಕಂಡಿತು. ಎಲ್ಡನ್ ಟಿವಿಯನ್ನು ಬಿಟ್ಟು ನನ್ನನ್ನೇ ನೋಡುತ್ತಿದ್ದ. ನಲವತ್ತೆರಡು ವರ್ಷದ ಸಂಸಾರ ನಮ್ಮದು. ನಾನು ದಿನವಿಡೀ ಹೊರಗೆ ಏನು ಮಾಡುತ್ತಿದ್ದೆ ಎನ್ನುವುದು ಅವತ್ತೇ ಅವನಿಗೆ ತಿಳಿದಂತಿತ್ತು. ಎಡಗೈ ಚಾಚಿ ನನ್ನ ಮೊಣಕೈ ಹಿಡಿದ, ಆಟದ ಆ ಭಾಗ ಮುಗಿಯುವವರೆಗೂ ಬಿಡಲಿಲ್ಲ.

ಅಕ್ಟೋಬರ್ ಕೆಟ್ಟ ತಿಂಗಳು. ಟೋಬಿನ್ ಒಂದೇ ಆಟದಲ್ಲಿ ಮೂರು ಸಲ ಚೆಂಡನ್ನು ಎದುರಾಳಿಗಳ ಕೈಗೇ ಎಸೆದ. ಸ್ವಂತ ಊರಿನ ಜನವೇ ಅವನನ್ನು ಹೀಯಾಳಿಸಿ ಕೂಗಿದರು. ಹೆಲ್ಮೆಟ್ ತೆಗೆದು ಬೆಂಚಿನ ತುದಿಯಲ್ಲಿ ಒಬ್ಬನೇ ಕೂತ ಅವನ ಮುಖವನ್ನು ಕ್ಯಾಮೆರಾ ತೋರಿಸಿತು. ಗದ್ದದ ಮೇಲೆ ಇನ್ನೂ ಮೊಡವೆಗಳಿದ್ದವು.

"ಕೂರಿಸಬೇಕು ಇವನ್ನ," ಅಂದ ಆರಿನ್. "ಅವನ ಒಳ್ಳೇದಕ್ಕೇ ಹೇಳ್ತೀನಿ. ಹೀಗೇ ಬಿಟ್ರೆ ಮುರಿದುಹೋಗ್ತಾನೆ."

ಎಲ್ಡನ್ ಉಪ್ಪಿನ ಡಬ್ಬಿ ತರಿಸಿಕೊಂಡು ವಾದಿಸಿದ. ನಾನೂ ವಾದಿಸಿದೆ. ಆರಿನ್ ಹೊರಡುವಾಗ ಮೂವರ ಮುಖವೂ ಗಂಟಾಗಿತ್ತು. ಅದು ಒಳ್ಳೆಯ ಶನಿವಾರ.

ಮುಂದಿನ ಬುಧವಾರ ಎಲ್ಡನ್ ಬಚ್ಚಲುಮನೆಯಲ್ಲಿ ಜಾರಿ ಬಿದ್ದ. ಮೂಳೆ ಮುರಿಯಲಿಲ್ಲ, ಆದರೆ ಅವನನ್ನು ಎತ್ತಲು ನನ್ನೊಬ್ಬಳಿಂದ ಆಗಲಿಲ್ಲ. ಪಕ್ಕದ ಮನೆಯವರು ಬರುವವರೆಗೆ ಇಪ್ಪತ್ತು ನಿಮಿಷ ತಣ್ಣನೆಯ ನೆಲದ ಮೇಲೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಅವನು ಅತ್ತ. ಮರುದಿನ ಮಾರಿಸೋಲ್ ಬಂದಾಗ ಗೋಡೆ ಕಡೆ ತಿರುಗಿ ಮಲಗಿದ. ಶನಿವಾರ ಬಾಗಿಲಲ್ಲೇ ಆರಿನ್‌ಗೆ ಇದನ್ನೆಲ್ಲ ಹೇಳಿದೆ. ಹೇಳಬಾರದಿತ್ತೋ ಏನೋ.

ಆ ದಿನವೂ ಟೋಬಿನ್ ಚೆನ್ನಾಗಿ ಆಡಲಿಲ್ಲ. ಎರಡನೆಯ ಭಾಗದಲ್ಲಿ, ಯಾರೂ ಮೇಲೆ ಬರದಿದ್ದರೂ ಗಾಬರಿಯಾಗಿ, ಯಾರೂ ಇಲ್ಲದ ಕಡೆಗೆ ಚೆಂಡನ್ನು ಎಸೆದ. ನಾನು ಆರಿನ್ ಬಾಯಿಂದ ಬರುವ ಬೈಗುಳಕ್ಕೆ ಸಿದ್ಧಳಾದೆ. ಅವನು ಗಂಟಲು ಸರಿಮಾಡಿಕೊಂಡ.

"ಯೋಚನೆ ಮಾಡ್ದೆ ಎಲ್ಡನ್," ಅಂದ ಮೆತ್ತಗೆ. "ನೀನು ಹೇಳೋದೇ ಸರಿ. ಹುಡುಗ ಚೆನ್ನಾಗೇ ಆಡ್ತಿದಾನೆ. ತಪ್ಪೆಲ್ಲ ಕೋಚ್‌ದೇ."

ಎಲ್ಡನ್ ಕುತ್ತಿಗೆಯಿಂದ ಕೆಂಪು ಮೇಲೇರತೊಡಗಿತು. ಎಡಗೈ ಬೀಸಿದ. ಕೊಲಾಚೆ ತಟ್ಟೆ ಹಾರಿ ಬಿದ್ದು ಗಸಗಸೆ ಕಾರ್ಪೆಟ್ಟಿನ ತುಂಬ ಚೆಲ್ಲಿತು. ಬಾಯಿ ಅಲುಗಿತು, ತುಟಿಗಳು ಯಾವುದನ್ನೋ ಹುಡುಕುತ್ತಿದ್ದವು. ಮಾರಿಸೋಲ್ ಹೇಳಿಕೊಟ್ಟಿದ್ದಳು, ಅವನ ಮಾತನ್ನು ನೀವು ಪೂರ್ತಿ ಮಾಡಬೇಡಿ ಎಂದು. ನಾನು ಏಪ್ರನ್ನಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಸುಮ್ಮನೆ ನಿಂತೆ.

"ಸು," ಅಂದ ಎಲ್ಡನ್. "ಸು... ಸುಳ್ಳ."

ಆರಿನ್ ಅವನನ್ನೇ ನೋಡುತ್ತಿದ್ದ.

"ಸುಳ್ಳ," ಎಂದು ಮತ್ತೆ ಅಂದ ಎಲ್ಡನ್, ಬೆರಳು ತೋರಿಸಿ. "ನೀ... ಸುಳ್ಳ."

ಜೂನ್ ತಿಂಗಳಿಂದ ಅವನ ಬಾಯಿಂದ ಬಂದ ಮೊದಲ ಸರಿಯಾದ ಮಾತು ಅದು. ಆರಿನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಐವತ್ತು ವರ್ಷ ದನ ಕಡಿದ ಕೈಗಳವು, ಬೆರಳುಗಳ ತುಂಬ ಹಳೆಯ ಗಾಯದ ಗೆರೆಗಳು. ಕೈ ತೆಗೆಯದೆಯೇ ಮಾತಾಡಿದ.

"ಹೌದು ಕಣೋ. ಸುಳ್ಳೇ. ಆ ಹುಡುಗ ದರಿದ್ರವಾಗಿ ಆಡ್ತಿದಾನೆ. ನಮ್ಮಜ್ಜಿ ಅವನಿಗಿಂತ ನೆಟ್ಟಗೆ ಎಸೀತಿದ್ಲು. ಅವನ್ನ ಬೆಂಚಿನ ಮೇಲೆ ಕೂರಿಸಬೇಕು, ಇವತ್ತೇ, ಈಗಲೇ. ನಿಂಗೆ ಆಟದ ಗಂಧಗಾಳಿ ಇಲ್ಲ, ಯಾವತ್ತೂ ಇರ್ಲಿಲ್ಲ." ಅಳುತ್ತಾ ಅಳುತ್ತಾ ಬೈದ, ಮೂಗು ಒರೆಸಿಕೊಂಡು ಮತ್ತೆ ಬೈದ. "ನಾನು ಪಾಪ ಅಂದ್ಕೊಂಡೆ. ತಪ್ಪಾಯ್ತು. ಇನ್ನೊಂದ್ಸಲ ಪಾಪ ಅಂದ್ರೆ ಆ ಊರುಗೋಲಲ್ಲೇ ಹೊಡಿ."

ಎಲ್ಡನ್ ನಗತೊಡಗಿದ. ನಗು ಅರ್ಧ ಮುಖದಲ್ಲಿ ಮಾತ್ರ ಬಂತು, ಆದರೆ ದನಿ ಪೂರ್ತಿ ಇತ್ತು. ನಾನು ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ಗಸಗಸೆ ಬಳಿಯುವ ನೆಪದಲ್ಲಿ ಅವರಿಬ್ಬರಿಗೂ ಮುಖ ಕಾಣದ ಹಾಗೆ ಕೂತೆ.

ಆರಿನ್ ಮಾತೇ ನಡೆಯಿತು. ಕೋಚ್ ಮುಂದಿನ ವಾರ ಟೋಬಿನ್ನನ್ನು ಕೂರಿಸಿ ಹಿರಿಯ ಹುಡುಗನೊಬ್ಬನನ್ನು ಆಡಿಸಿದ. ಒಂದು ಆಟ ಗೆದ್ದರು, ಎರಡು ಸೋತರು. ಗೆದ್ದಾಗ ಆರಿನ್, ಸೋತಾಗ ಎಲ್ಡನ್, ಸರದಿಯ ಮೇಲೆ ಮೀಸೆ ತಿರುವಿದರು. ಈ ನಡುವೆ ಎಲ್ಡನ್‌ಗೆ ಒಂದೊಂದೇ ಮಾತು ಬರತೊಡಗಿತು. ಮೊದಲು ಬಂದದ್ದೆಲ್ಲ ಬೈಗುಳ. ಆಮೇಲೆ "ಬೇಡ" ಬಂತು, "ಚಮಚ" ಬಂತು, "ಓಡು" ಬಂತು. ನನ್ನ ಹೆಸರು ಆರ್ಲಿಸ್; ಅದು ಬಂದದ್ದು ನವೆಂಬರ್ ಎರಡನೇ ವಾರ, ಬೆಳಗಿನ ತಿಂಡಿಯ ಹೊತ್ತಿಗೆ, "ಅರ್ಲಿ" ಎಂದು ಅರ್ಧವಾಗಿ. ನಾನು ಸರಿಪಡಿಸಲಿಲ್ಲ. ಈಗಲೂ ಹಾಗೇ ಕರೆಯುತ್ತಾನೆ.

ವರ್ಷದ ಕೊನೆಯ ಆಟ ಪಕ್ಕದ ರಾಜ್ಯದವರ ಜೊತೆ, ನಮ್ಮ ಸ್ಟೇಡಿಯಮ್ಮಿನಲ್ಲಿ. ನಾವು ಮೂವರೂ ಟಿವಿಯ ಮುಂದೆಯೇ ಇದ್ದೆವು; ಮೈದಾನದಲ್ಲಿ ಹಿಮ ಸಣ್ಣಗೆ ಬೀಳುತ್ತಿತ್ತು. ಹಿರಿಯ ಹುಡುಗನ ಮಂಡಿ ಉಳುಕಿ, ಎರಡನೆಯ ಭಾಗಕ್ಕೆ ಟೋಬಿನ್ ಬರಬೇಕಾಯಿತು. ಜನ ಚಪ್ಪಾಳೆಯನ್ನೂ ತಟ್ಟಲಿಲ್ಲ, ಕೂಗಲೂ ಇಲ್ಲ.

ಮೊದಮೊದಲು ಅವನು ಹಳೆಯ ಟೋಬಿನ್ನೇ, ಅದೇ ಗಾಬರಿ. ಆದರೆ ಆಟ ಮುಗಿಯಲು ನಾಲ್ಕು ನಿಮಿಷವಿದ್ದಾಗ ಚೆಂಡು ಹಿಡಿದು ಹಿಂದಕ್ಕೆ ಸರಿದ. ಎಡಗಡೆಯಿಂದ ಒಬ್ಬ ದೈತ್ಯ ನೇರ ಅವನ ಮೇಲೆ ಬರುತ್ತಿದ್ದ. ನಾನು ಕಾರಿನಲ್ಲಿ ಕೂತವಳ ಹಾಗೆ ಬಲಗಾಲನ್ನು ನೆಲಕ್ಕೆ ಒತ್ತಿದೆ. ಟೋಬಿನ್ ಕಣ್ಣು ಇಳಿಯಲಿಲ್ಲ. ದೂರವನ್ನೇ ನೋಡುತ್ತಾ ಒಂದು ಹೆಜ್ಜೆ ಪಕ್ಕಕ್ಕಿಟ್ಟು ಎಸೆದ. ಎಸೆದ ಕ್ಷಣದಲ್ಲೇ ಆ ದೈತ್ಯ ಅವನನ್ನು ನೆಲಕ್ಕೆ ಕೆಡವಿದ. ಚೆಂಡು ಹಿಮದಲ್ಲಿ ತೇಲಿ, ಓಡುತ್ತಿದ್ದ ನಮ್ಮವನ ಎದೆಗೆ ಹೋಗಿ ಬಿತ್ತು. ಅರವತ್ತು ಗಜ.

"ಕಣ್ಣು," ಅಂದ ಎಲ್ಡನ್. "ಅರ್ಲಿ. ಕಣ್ಣು... ಮೇಲೆ."

"ನೋಡ್ದೆ," ಅಂದೆ.

"ಒಂದ್ಸಲ," ಅಂದ ಆರಿನ್. "ಒಂದೇ ಒಂದ್ಸಲ. ನಿಂತ ಗಡಿಯಾರನೂ ದಿನಕ್ಕೆರಡು ಸಲ ಸರಿಯಾದ ಹೊತ್ತು ತೋರ್ಸತ್ತೆ." ಆದರೆ ಅವನೂ ಕುರ್ಚಿಯಿಂದ ಎದ್ದು ನಿಂತಿದ್ದ.

ಎರಡು ಅಂಕದಿಂದ ಸೋತೆವು. ಯಾರ ವಾದ ಗೆದ್ದಿತೆಂದು ಇಂದಿಗೂ ತೀರ್ಮಾನವಾಗಿಲ್ಲ.

ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದವರು ದಾಳಿಯ ಕೋಚನ್ನು ತೆಗೆದು ಹೊಸಬನನ್ನು ತಂದರು. ಟೋಬಿನ್ ಬೇರೆ ಕಾಲೇಜಿಗೆ ಹೋಗುತ್ತಾನಂತೆ ಎಂದು ಊರೆಲ್ಲ ಮಾತಾಡಿದರೂ ಅವನು ಹೋಗಲಿಲ್ಲ. ಕೋಚ್ ಬದಲಾದ ಸುದ್ದಿ ತಿಳಿದ ದಿನ ಆರಿನ್ ಆಟವಿಲ್ಲದಿದ್ದರೂ ಬಂದ, ಬೂಟಿನ ಹಿಮ ಕೊಡವಿ ಅಡುಗೆಮನೆಯಲ್ಲಿ ಕೂತ. ಎಲ್ಡನ್ ಖುಷಿಯಲ್ಲಿದ್ದ. ವರ್ಷವಿಡೀ ಅವನು ಕೇಳಿದ್ದು ಅದನ್ನೇ.

ನನಗೆ ಮಾತ್ರ ಅದು ಸರಿಬರಲಿಲ್ಲ. "ಇದು ತಪ್ಪು," ಅಂದೆ. "ಮಗು ಈಗ ತಾನೇ ದಾರಿಗೆ ಬಂತು. ಹೊಸ ಟೀಚರ್ ಬಂದ್ರೆ ಮತ್ತೆ ಮೊದಲಿಂದ ಕಲೀಬೇಕು. ಗೇರು ಬೇರೆ, ಭಾಷೆ ಬೇರೆ. ಇನ್ನೊಂದು ವರ್ಷ ಹಾಳಾಯ್ತು."

ಆರಿನ್ ಮೇಜು ಬಡಿದ. "ನೋಡೋ ಎಲ್ಡನ್, ನಿನ್ನ ವಕೀಲೆ ನನ್ನ ಕಡೆಗೆ ಬಂದ್ರು."

ಎಲ್ಡನ್ ತಲೆ ಅಲ್ಲಾಡಿಸಿದ. ಮಾತು ಶುರು ಮಾಡಿದ. ನಾವಿಬ್ಬರೂ ಕಾಯ್ದೆವು. ಒಂದೊಂದು ಮಾತಿಗೂ ಅವನು ಕಣ್ಣು ಮುಚ್ಚಿ, ಹಳೆಯ ಕಂಬ ಹತ್ತುವವನ ಹಾಗೆ, ಹಿಡಿತ ಸಿಕ್ಕಿದೆಯೇ ಎಂದು ನೋಡಿಕೊಂಡು ಮೇಲಕ್ಕೆ ಹೋಗುತ್ತಿದ್ದ. ಕಾಫಿಯ ಹಬೆ ನಿಂತುಹೋಯಿತು.

"ಇಲ್ಲ. ಹಳೇ... ಟೀಚರ್. ಪಾಠ... ಅಲ್ಲ. ಹೆದರಿಕೆ. ಹೆದರಿಕೆ... ಕಲಿಸ್ದ." ಉಸಿರು ತೆಗೆದುಕೊಂಡ. "ಮರೀ... ಬೇಕು. ಮರೆತ್ರೆ... ಒಳ್ಳೇದು."

ಆರಿನ್ ನನ್ನ ಕಡೆ ನೋಡಿದ, ನಾನೇನು ಹೇಳುತ್ತೇನೋ ಎಂದು. ಅಷ್ಟು ಸುಲಭಕ್ಕೆ ಒಪ್ಪಿಬಿಡುವ ಹೆಂಗಸಲ್ಲ ನಾನು. ಎದ್ದು ಮೂವರ ಲೋಟವನ್ನೂ ಒಲೆಯ ಹತ್ತಿರ ಒಯ್ದೆ.

"ಏಪ್ರಿಲಿನಲ್ಲಿ ಅಭ್ಯಾಸದ ಆಟ ಇದೆಯಲ್ಲ," ಅಂದೆ. "ಹೋಗಿ ಕಣ್ಣಾರೆ ನೋಡ್ಕೊಂಡು ಬರೋಣ. ಆಮೇಲೆ ಹೇಳ್ತೀನಿ."

"ಮೆಟ್ಟಿಲು ಹತ್ತಬೇಕಾಗತ್ತೆ," ಅಂದ ಆರಿನ್.

"ಕೆಳಗಿನ ಸಾಲಲ್ಲಿ ಮೂರು ಸೀಟು ನೋಡು."

"ಮೂರಾ?" ಅಂದ ಆರಿನ್, ಎಲ್ಡನ್ ಕಡೆ ತಿರುಗಿ. "ಟೀಚರಮ್ಮ ಇನ್ಮೇಲೆ ಅಲ್ಲಿಗೂ ಬರ್ತಾರಂತೆ ಕಣೋ."

ಎಲ್ಡನ್ ಉಪ್ಪಿನ ಡಬ್ಬಿಯನ್ನು ಅವನ ಕಡೆಗೆ ತಳ್ಳಿ, "ಬರ್ಲಿ," ಅಂದ.